ದುಡ್ಡು ಕೊಡೋದಾದ್ರೆ ಸುಮ್ನೆ ಕೊಟ್ಟುಬಿಡಿ, ಬೆಟ್ಟ ಯಾಕೆ ಹತ್ತಬೇಕು?

ನಾವು ಒಂದಷ್ಟು ಗೆಳೆಯರು ಸೇರಿ ವರ್ಷಕ್ಕೊಮ್ಮೆ ಮುಳ್ಳಯ್ಯನಗಿರಿ ಹತ್ತುತ್ತೇವೆ. ಹತ್ತುವ ಮೊದಲು ಪರಿಚಯದವರ ಹತ್ತಿರ ದುಡ್ಡು ಕೇಳುತ್ತೇವೆ. ಹಾಸನದ ಸುತ್ತಮುತ್ತ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಸಣ್ಣ ಸಂಸ್ಥೆಗೆ ಆ ದುಡ್ಡು ಹೋಗುತ್ತದೆ. ಗಾಯಕ್ಕೆ ಡ್ರೆಸಿಂಗ್, ನೋವಿನ ಮಾತ್ರೆ, ನರ್ಸ್ ಸಂಬಳ, ಗಾಡಿಗೆ ಡೀಸೆಲ್. ಖರ್ಚು ಇಂಥವೇ. ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ಮೇಲಿನದು. ಊರು ಗೊತ್ತಿದ್ದವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಅಲ್ಲಿಗೆ ರೋಡೇ ಇದೆಯಲ್ಲ ಮಾರಾಯ್ರೆ!"

ಹೌದು, ಇದೆ. ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ತುದಿಯ ಗುಡಿ ಸಿಗುತ್ತದೆ. ನಾವು ಸರ್ಪದಾರಿ ಅನ್ನುವ ಕಾಲುದಾರಿಯಿಂದ ಶುರು ಮಾಡುತ್ತೇವೆ. ಅಲ್ಲಿಂದ ತುದಿಗೆ ಮೂರ್ನಾಲ್ಕು ಕಿಲೋಮೀಟರ್ ಏರು. ಆಮೇಲೆ ಬೆಟ್ಟದ ಏಣಿನ ಮೇಲೇ ಬಾಬಾಬುಡನ್‌ಗಿರಿ ಕಡೆಗೆ ಹೋದರೆ ಇಡೀ ದಿನ ಬೇಕು.

ನನ್ನ ಉತ್ತರ ಇಷ್ಟೇ. ಬೆಟ್ಟ ಹತ್ತೋದು ಒಂದು ದಿನದ ಕೆಲಸ, ಅದಕ್ಕೆ ತಯಾರಾಗೋದು ತಿಂಗಳುಗಟ್ಟಲೆ ಕೆಲಸ. ದುಡ್ಡು ಬರೋದು ಆ ತಿಂಗಳುಗಳಲ್ಲಿ. ಸುಮ್ನೆ ಕೊಟ್ಟರೆ ನಾನು ಕೊಡಬಲ್ಲಷ್ಟೇ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ತಯಾರಿ ಶುರುವಾದರೆ ಹಾಗಲ್ಲ. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದನ್ನು ನೋಡಿ ಒಬ್ಬರು ಕೇಳುತ್ತಾರೆ. ಬೆಳಿಗ್ಗೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೊರಟಿದ್ದನ್ನು ನೋಡಿ ಹಾಲಿನವರು ಕೇಳುತ್ತಾರೆ. ಕೇಳಿದವರಿಗೆಲ್ಲ ಹಾಸಿಗೆ ಹಿಡಿದವರ ವಿಷಯ ಹೇಳಬಹುದು. ನಾವಾಗೇ ಮನೆ ಬಾಗಿಲಿಗೆ ಹೋಗಿ ಹೇಳಿದರೆ ಜನ ಗಡಿಯಾರ ನೋಡುತ್ತಾರೆ, ಅವರಾಗೇ ಕೇಳಿದರೆ ನಿಂತು ಕೇಳಿಸಿಕೊಳ್ಳುತ್ತಾರೆ. "ನಮ್ಮಜ್ಜಿಯೂ ಎರಡು ವರ್ಷ ಹೀಗೇ ಮಲಗಿದ್ರು" ಅಂತ ಮಾತು ಬೆಳೆಯುವುದು ಆಗಲೇ.

ಕಷ್ಟಪಟ್ಟು ಹತ್ತಿ ಕೊಡುವುದು ನಮ್ಮ ಕಡೆ ಹೊಸದೂ ಅಲ್ಲ. ದೀಪಾವಳಿಗೆ ಬಿಂಡಿಗದ ದೇವೀರಮ್ಮನ ಬೆಟ್ಟಕ್ಕೆ ಬನ್ನಿ. ಕತ್ತಲಲ್ಲಿ, ಜಾರುವ ದಾರಿಯಲ್ಲಿ, ಹರಕೆ ಹೊತ್ತವರು ಕಟ್ಟಿಗೆ ಹೊತ್ತುಕೊಂಡು ಹತ್ತುತ್ತಾರೆ. ಬೇರೆಯವರ ಕೈಲಿ ಕಳಿಸಬಹುದಿತ್ತಲ್ಲ ಅಂತ ಅವರನ್ನು ಯಾರೂ ಕೇಳುವುದಿಲ್ಲ.

ಹೊರಗಿನ ಉದಾಹರಣೆ ಬೇಕು ಅಂದ್ರೆ ಟ್ರೇಲ್‌ವಾಕರ್ ಅನ್ನುವ, ದಾನ ಸಂಗ್ರಹಿಸುವ ನಡಿಗೆ ಇದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾಗಿದ್ದು. 1986ರಲ್ಲಿ ಸಾಮಾನ್ಯ ಜನರಿಗೂ ತೆರೆಯಿತು, ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಜೊತೆಯಾಯಿತು. ನಾಲ್ಕು ಜನರ ತಂಡ, 100 ಕಿಲೋಮೀಟರ್, 48 ಗಂಟೆ. ನಾಲ್ವರೂ ಒಟ್ಟಿಗೇ ನಡೆದು ಮುಗಿಸಬೇಕು ಅನ್ನುವುದು ಅದರ ಜೀವಾಳ. ನಾವು ಅಷ್ಟು ದೂರ ನಡೆಯುವವರಲ್ಲ, ಆದರೆ ಈ ಒಂದು ನಿಯಮವನ್ನು ಮಾತ್ರ ಕದ್ದಿದ್ದೇವೆ. ಎಲ್ಲರಿಗಿಂತ ನಿಧಾನ ಇರುವವರು ಮುಂದೆ, ಜೋರಾಗಿ ನಡೆಯುವವರು ಹಿಂದೆ. ಜೋರಿನವರಿಗೆ ಇದು ಶಿಕ್ಷೆ. ಇರಲಿ ಬಿಡಿ.

ತಯಾರಿ ಹೇಗೆ ಅಂತಲೂ ಕೇಳುತ್ತಾರೆ. ಎತ್ತರದ ಭಯ ಬೇಡ. ಎತ್ತರಕ್ಕೆ ಹೋದಾಗ ಬರುವ ತಲೆನೋವು, ವಾಂತಿ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಕಥೆ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರವಾದರೂ ಸುಮಾರು 1,930 ಮೀಟರ್, ಅಷ್ಟೇ. ಭಯ ಬೇಕಾಗಿರೋದು ಇಳಿಯುವಾಗ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸ ಇಲ್ಲದಿದ್ದರೆ ಒಳಗೆ ಸಣ್ಣ ಸಣ್ಣ ಗಾಯಗಳಾಗಿ, ಆವತ್ತಲ್ಲ, ಒಂದೆರಡು ದಿನ ಬಿಟ್ಟು ನೋವು ಜೋರಾಗುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಹಾಗಾಗಿ ಮೊದಲೇ ಸ್ವಲ್ಪ ನೋಯಿಸಿಕೊಂಡು ಇಟ್ಟುಕೊಳ್ಳಬೇಕು. ಜಿಮ್ಮಿನ ಟ್ರೆಡ್‌ಮಿಲ್ ಇಲ್ಲಿ ಅಷ್ಟು ಪ್ರಯೋಜನಕ್ಕೆ ಬಾರದು, ಸಾಮಾನ್ಯವಾಗಿ ಅದರಲ್ಲಿ ಇಳಿಜಾರು ಇರುವುದಿಲ್ಲ.

ಹಾಸನದವರಿಗೆ ಇದಕ್ಕೆ ಶ್ರವಣಬೆಳಗೊಳಕ್ಕಿಂತ ಒಳ್ಳೆ ಜಾಗ ಇಲ್ಲ. ವಿಂಧ್ಯಗಿರಿಗೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು. ಚಪ್ಪಲಿ ಕೆಳಗೇ ಬಿಟ್ಟು ಹತ್ತಬೇಕು, ಆದ್ದರಿಂದ ಬಿಸಿಲೇರುವ ಮೊದಲೇ ಹೋಗಿ. ಸಾವಿರ ವರ್ಷ ದಾಟಿದ ಗೊಮ್ಮಟನಿಗೆ ಕೈ ಮುಗಿದು ಇಳಿಯುವುದರಲ್ಲೇ ನಿಜವಾದ ಪಾಠ. ಓಡಬೇಡಿ, ಕಂಬಿ ಹಿಡಿದು ನೇತಾಡಲೂಬೇಡಿ. ಹೊಸಬರಿಗೆ ಮೊದಲ ವಾರ ಎದುರಿನ ಚಂದ್ರಗಿರಿ ಸಾಕು. ನಡೆಯುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ನಮ್ಮಲ್ಲಿ ಒಬ್ಬರು ಯಾವ ಏರಿನಲ್ಲೂ ಮಾತು ನಿಲ್ಲಿಸಿದ್ದಿಲ್ಲ, ಅವರ ವಿಷಯ ಬೇರೆ.

ಶೂ ಹೊಸದು ತರುವುದಾದರೆ ಸಂಜೆ ಹೊತ್ತು ಹೋಗಿ ತನ್ನಿ, ಕಾಲು ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಉಗುರು ಹೊಡೆದು ಹೊಡೆದು ಕಪ್ಪಾಗುತ್ತದೆ. ತಂದ ಶೂ ಮನೆ, ಸಂತೆ, ತೋಟ ಎಲ್ಲ ಕಡೆ ಹಾಕಿ ಪಳಗಿಸಿ.

ಮಳೆಗಾಲದಲ್ಲಿ ನಾವು ಹೋಗುವುದಿಲ್ಲ. ಮಂಜಿನಲ್ಲಿ ಎದುರಿನವರ ಬೆನ್ನೂ ಕಾಣುವುದಿಲ್ಲ, ಗಾಳಿ ಬೇರೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯ, ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ಮಳೆ ಬಿಟ್ಟ ಮೇಲಿನ ತಿಂಗಳುಗಳೇ ಸರಿ. ಆಗಲೂ ಹಸಿ ಇರುವ ಕಡೆ ಉಂಬಳ ಇರುತ್ತವೆ. ಕಚ್ಚಿದ್ದನ್ನು ಕಿತ್ತೆಸೆದ ಮೇಲೂ ರಕ್ತ ನಿಲ್ಲದಿದ್ದರೆ ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಎಂಜಲಿನಲ್ಲಿದೆ. ತೊಳೆದು ಒತ್ತಿ ಹಿಡಿದರೆ ಆಯಿತು. ಬುತ್ತಿಗೆ ಹುಳಿಯವಲಕ್ಕಿ, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ. ಚಿಕ್ಕಿಯ ಕಾಗದ ಜೇಬಿಗೆ.

ಇನ್ನು ದುಡ್ಡು ಕೇಳುವ ಮಾತು. "ಕಿಲೋಮೀಟರಿಗೆ ಇಷ್ಟು" ಅಂತ ಹೇಳಿಸಿಕೊಳ್ಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಮಂಡಿ ನೋಯುತ್ತಿದ್ದರೂ ದುಡ್ಡಿನ ಆಸೆಗೆ ಯಾರೋ ನಡೆದುಬಿಡುತ್ತಾರೆ. ನಾವು ತುದಿ ಮುಟ್ಟಲಿ ಬಿಡಲಿ, ಕೊಡುವುದು ಕೊಡುವುದೇ. ನಮ್ಮ ಗಾಡಿ, ಊಟ, ಟೀಶರ್ಟು ಎಲ್ಲ ನಮ್ಮ ಜೇಬಿನಿಂದ. ದಾನದ ದುಡ್ಡಿನಿಂದ ಒಂದು ಕಾಫಿಯೂ ಕುಡಿಯಬಾರದು. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಟೀಶರ್ಟೇ ಬೇಡ ಅಂತಲೂ ನನ್ನ ವಾದ, ಆದರೆ ವಾಟ್ಸಾಪ್ ಗುಂಪಿನಲ್ಲಿ ನಾನು ಒಂಟಿ.

ಎಲ್ಲರೂ ಹತ್ತಬೇಕೆಂದಿಲ್ಲ. ಮಂಡಿ ಆಪರೇಷನ್ ಆದ ಗೆಳತಿಯೊಬ್ಬಳು ಲೆಕ್ಕ ನೋಡಿಕೊಳ್ಳುತ್ತಾಳೆ. ನಮ್ಮಲ್ಲಿ ಯಾರ ಖಾತೆಗೂ ದುಡ್ಡು ಬರುವುದಿಲ್ಲ, ನೇರ ಸಂಸ್ಥೆಯ ಖಾತೆಗೇ ಹೋಗುತ್ತದೆ. ಕೊಟ್ಟವರಿಗೆ ರಸೀದಿ ತಲುಪಿತಾ ಅಂತ ವಿಚಾರಿಸುವುದು ಅವಳ ಕೆಲಸ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ (ಜನ 80ಜಿ ಅನ್ನುವುದು ಇದನ್ನೇ) ಬಗ್ಗೆ ಕೇಳುತ್ತಾರೆ. ಸಂಸ್ಥೆಗೆ ಅದರ ಮಾನ್ಯತೆ ಇರಬೇಕು. 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಯುಪಿಐ ಅಥವಾ ಚೆಕ್ ಆಗಬೇಕು. "ನಾನು ಹತ್ತಲ್ಲ, ದುಡ್ಡು ಮಾತ್ರ ಕೊಡ್ತೀನಿ" ಅನ್ನುವವರಿಗೂ ಅವಳೇ ಖಾತೆ ನಂಬರ್ ಕಳಿಸುತ್ತಾಳೆ. ಬೆಟ್ಟ ಯಾಕೆ ಹತ್ತಬೇಕು ಅಂತ ಕೇಳಿದವರಲ್ಲಿ ಸುಮಾರು ಜನ ಕೊನೆಗೆ ಹೀಗೇ ಕೊಟ್ಟಿದ್ದಾರೆ.