ಮೊದಲು ಬಾಯಿ, ಆಮೇಲೆ ಚಿಪ್

ನವೆಂಬರ್ ಕೊನೆ, ಡಿಸೆಂಬರ್ ಶುರು ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬರುತ್ತದೆ. ಅಮೆಜಾನ್‌ನವರ ಕ್ಲೌಡ್ ಸಮ್ಮೇಳನ ಲಾಸ್ ವೇಗಸ್‌ನಲ್ಲಿ ನಡೆಯುವ ಹೊತ್ತು ಅದು. ಬೆಂಗಳೂರಿನ ಆಫೀಸುಗಳಿಂದ ಜನ ಬಂದಿಳಿಯುತ್ತಾರೆ. ಹಗಲೆಲ್ಲ ಸರ್ವರ್ ಮಾತು, ಸಂಜೆ ಆದಮೇಲೆ ನನಗೆ ಮೆಸೇಜು. "ಫೋನಲ್ಲಿ ಪೋಕರ್ ಆಡಿದ್ದೀನಿ, ನಿಯಮ ಗೊತ್ತು. ಆದ್ರೆ ನಿಜವಾದ ಕ್ಯಾಸಿನೋದಲ್ಲಿ ಹೋಗಿ ಕೂತ್ರೆ ಮಾನ ಹೋಗಲ್ವಾ? ಎಲ್ರೂ ಪಳಗಿದವರೇ ಇರ್ತಾರಲ್ವಾ?"

ಹೋಗಿ ಕೂತುಕೊಳ್ಳಿ. ಮಾನ ಹೋಗುವುದಿಲ್ಲ. ದುಡ್ಡು ಹೋಗಬಹುದು, ಆದರೆ ನೀವು ಹೆದರಿರುವ ಕಾರಣಕ್ಕಲ್ಲ.

ಮೊದಲು ಸರಿಯಾದ ಜಾಗಕ್ಕೆ ಹೋಗಬೇಕು. ಕ್ಯಾಸಿನೋ ಒಳಗೆ ಕಾಲಿಟ್ಟ ಕೂಡಲೇ ಥ್ರೀ ಕಾರ್ಡ್ ಪೋಕರ್, ಅಲ್ಟಿಮೇಟ್ ಟೆಕ್ಸಸ್ ಹೋಲ್ಡೆಮ್ ಅಂತ ಬೋರ್ಡು ಹಾಕಿದ ಮೇಜುಗಳು ಕಾಣುತ್ತವೆ. ಹೆಸರಲ್ಲಿ ಪೋಕರ್ ಇದೆ ಅಂತ ಅಲ್ಲೇ ಕೂರುವವರು ಬಹಳ. ಅಲ್ಲಿ ನೀವು ಆಡುವುದು ಕ್ಯಾಸಿನೋ ವಿರುದ್ಧ. ಲೆಕ್ಕಾಚಾರ ಮೊದಲೇ ಅವರ ಕಡೆಗೆ ವಾಲಿರುತ್ತದೆ. ನಿಮಗೆ ಬೇಕಾದ್ದು ಪೋಕರ್ ರೂಮ್, ಸಾಮಾನ್ಯವಾಗಿ ಪ್ರತ್ಯೇಕ ಜಾಗ. ಬೆಲಾಜಿಯೋ, ವೆನೀಶಿಯನ್, ವಿನ್, ಏರಿಯಾ, ಸೌತ್ ಪಾಯಿಂಟ್, ಎಲ್ಲ ಕಡೆ ಇದೆ. ಅಲ್ಲಿ ಆಟಗಾರರು ಒಬ್ಬರ ವಿರುದ್ಧ ಇನ್ನೊಬ್ಬರು ಆಡುತ್ತಾರೆ. ಡೀಲರ್ ಎಲೆ ಹಾಕುತ್ತಾರೆ, ಅಷ್ಟೇ. ಯುಗಾದಿಗೆ ಊರಲ್ಲಿ ಅರಳಿಕಟ್ಟೆ ಮೇಲೆ ಅಂದರ್ ಬಾಹರ್ ಆಡಿದವರಿಗೆ ಇದು ಬೇಗ ಹೊಳೆಯುವುದಿಲ್ಲ, ಎಲೆ ಹಾಕುವವನೇ ಎದುರಾಳಿ ಅನ್ನಿಸುತ್ತದೆ. ಇಲ್ಲಿ ಡೀಲರ್‌ಗೆ ನೀವು ಗೆದ್ದರೂ ಒಂದೇ, ಸೋತರೂ ಒಂದೇ. ಗೆದ್ದರೆ ಒಂದು ಡಾಲರ್ ಟಿಪ್ ಕೊಡುತ್ತೀರಿ ಅನ್ನುವುದು ಬಿಟ್ಟರೆ.

ರೂಮಿನ ಬಾಗಿಲಲ್ಲಿ ಒಂದು ಡೆಸ್ಕ್ ಇರುತ್ತದೆ. ಹೆಸರು ಹೇಳಿ, "ಒನ್ ಥ್ರೀ ನೋ ಲಿಮಿಟ್" ಅನ್ನಿ. ಒಂದು ಮತ್ತು ಮೂರು ಡಾಲರ್ ಬ್ಲೈಂಡ್ ಇರುವ ಹೋಲ್ಡೆಮ್ ಅಂತ ಅರ್ಥ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ದುಡ್ಡು; ಹೋಲ್ಡೆಮ್ ಅಂದರೆ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್; ನೋ ಲಿಮಿಟ್ ಅಂದರೆ ನಿಮ್ಮ ಮುಂದಿರುವ ಅಷ್ಟನ್ನೂ ಒಮ್ಮೆಲೇ ಕಟ್ಟಬಹುದು. ಕೆಲವು ಕಡೆ ಒನ್ ಟೂ ಇರುತ್ತದೆ. ಇದಕ್ಕಿಂತ ದೊಡ್ಡ ಮೇಜಿಗೆ ಮೊದಲ ದಿನ ಹೋಗಬೇಡಿ. ವಯಸ್ಸು 21 ತುಂಬಿರಬೇಕು, ಪಾಸ್‌ಪೋರ್ಟ್ ಜೇಬಲ್ಲಿರಲಿ. ಜಾಗ ಇಲ್ಲದಿದ್ದರೆ ವೇಟಿಂಗ್ ಲಿಸ್ಟಿಗೆ ಹಾಕಿಕೊಳ್ಳುತ್ತಾರೆ. ಮೇಜಿಗೆ ತರಬೇಕಾದ ದುಡ್ಡು ಕನಿಷ್ಠ ಸಾಮಾನ್ಯವಾಗಿ 100 ಡಾಲರ್, ಗರಿಷ್ಠ ರೂಮಿನಿಂದ ರೂಮಿಗೆ ಬೇರೆ, 300 ಅಥವಾ 500. ಹೊಸಬರಿಗೆ ನಾನು 200 ಅನ್ನುತ್ತೇನೆ. ನಮ್ಮ ದುಡ್ಡಿನಲ್ಲಿ 17,000 ರೂಪಾಯಿಗೂ ಜಾಸ್ತಿ. ಅಷ್ಟೂ ಹೋದರೂ ಮಾರನೇ ದಿನ ಊಟ ಸೇರುತ್ತದೆ ಅನ್ನುವವರು ಮಾತ್ರ ಕೂರಿ. ನೋಟನ್ನು ಡೀಲರ್ ಕೈಗೆ ಕೊಡಬೇಡಿ, ಮೇಜಿನ ಮೇಲಿಡಿ. ಮೇಲಿರುವ ಕ್ಯಾಮೆರಾಗೆ ಕಾಣಬೇಕು. ಅದರ ಬದಲಿಗೆ ಚಿಪ್, ಅಂದರೆ ದುಡ್ಡಿನ ಬಿಲ್ಲೆ, ಕೊಡುತ್ತಾರೆ. ಕೆಂಪು ಚಿಪ್ ಅಂದರೆ 5 ಡಾಲರ್, ಹಸಿರು 25, ಕಪ್ಪು 100.

ಈಗ ಮುಖ್ಯ ವಿಷಯ. ಫೋನಿನಲ್ಲಿ ನಿಮ್ಮ ಸರದಿ ಬಂದಾಗ ಬಟನ್ ಹೊಳೆಯುತ್ತದೆ. ಎಷ್ಟು ಹಾಕಬೇಕೋ ಅದೇ ತೋರಿಸುತ್ತದೆ, ತಪ್ಪು ಮಾಡಲು ಅವಕಾಶವೇ ಇಲ್ಲ. ಮೇಜಿನಲ್ಲಿ ಆ ಬಟನ್ ಕೆಲಸವೆಲ್ಲ ನಿಮ್ಮದು. ಹೊಸಬರು ಎಡವುವುದು ಇಲ್ಲೇ. ಎಲೆ ಓದುವುದು ಬರುತ್ತದೆ, ಲೆಕ್ಕ ಬರುತ್ತದೆ, ಆದರೆ ಕೈ ಮುಂದೆ ಹೋಗಿಬಿಡುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಬಾಯಿ, ಆಮೇಲೆ ಚಿಪ್. ಎದುರಿನವರು ಕಟ್ಟಿದಷ್ಟೇ ಕಟ್ಟುವುದಾದರೆ "ಕಾಲ್" ಅನ್ನಿ, ಆಮೇಲೆ ಹಾಕಿ. ಅದಕ್ಕಿಂತ ಏರಿಸುವುದಾದರೆ "ರೇಸ್, ನಲವತ್ತು" ಅನ್ನಿ, ಆಮೇಲೆ ಎಣಿಸಿ. ಸರದಿಯಲ್ಲಿ ಬಾಯಲ್ಲಿ ಹೇಳಿದ ಮಾತಿಗೆ ನೀವು ಬದ್ಧ. ಹೇಳಿದ ಮೇಲೆ ಚಿಪ್ಪನ್ನು ಎಷ್ಟು ನಿಧಾನವಾಗಿ ಎಣಿಸಿದರೂ ಯಾರೂ ತಕರಾರು ಎತ್ತುವುದಿಲ್ಲ.

ಹೇಳದೇ ಹಾಕಿದರೆ ಏನಾಗುತ್ತದೆ? ಎದುರಿನವನು 15 ಡಾಲರ್ ಕಟ್ಟಿದ್ದಾನೆ ಅಂದುಕೊಳ್ಳಿ. ನಿಮ್ಮ ಹತ್ತಿರ ಎರಡು ರಾಜ ಇದೆ. ಗತ್ತಿನಲ್ಲಿ ಒಂದು ಕಪ್ಪು ಚಿಪ್ ಎಸೆಯುತ್ತೀರಿ, ನೂರಕ್ಕೆ ಏರಿಸಿದೆ ಅಂತ. ಡೀಲರ್ ಸುಮ್ನೆ 85 ವಾಪಸ್ ಕೊಡುತ್ತಾರೆ. ಏನೂ ಹೇಳದೆ ಒಂದೇ ದೊಡ್ಡ ಚಿಪ್ ಹಾಕಿದರೆ ಅದು ಕಾಲ್ ಅಷ್ಟೇ, ರೇಸ್ ಅಲ್ಲ. ಇನ್ನೊಂದು, ಸಿನಿಮಾದಲ್ಲಿ ನೋಡಿ ಕಲಿತದ್ದು: "ನಿನ್ನ ಇಪ್ಪತ್ತಕ್ಕೆ ಕಾಲ್..." ಅಂದು ಒಂದು ಉಸಿರು ಬಿಟ್ಟು "...ಮೇಲೆ ಇನ್ನೂ ಐವತ್ತು!" ಅನ್ನುವುದು. ಕಾಲ್ ಅಂದಾಗಲೇ ಕಥೆ ಮುಗಿಯಿತು. ಚಿಪ್ಪನ್ನು ಎರಡು ಕಂತಿನಲ್ಲಿ ಮುಂದೆ ತಳ್ಳಿದರೂ ಇದೇ ಪಾಡು. ಸ್ಟ್ರಿಂಗ್ ಬೆಟ್ ಅನ್ನುತ್ತಾರೆ. ಎದುರಾಳಿಯ ಮುಖ ನೋಡಿಕೊಂಡು ಇನ್ನಷ್ಟು ಹಾಕುವುದನ್ನು ತಡೆಯಲು ಮಾಡಿದ ನಿಯಮ ಅದು. ನನಗಂತೂ ಬಹಳ ನ್ಯಾಯ ಅನ್ನಿಸುತ್ತದೆ.

ಸರದಿ ಹೇಗೆ ತಿಳಿಯುವುದು? ನಿಮ್ಮ ಬಲಗಡೆ ಕೂತವರನ್ನು ನೋಡುತ್ತಿರಿ. ಅವರು ಆಡಿದ ಮೇಲೆ ನೀವು. ಎಲೆ ಚೆನ್ನಾಗಿಲ್ಲ ಅಂತ ಬಂದ ಕೂಡಲೇ ಎಸೆಯಬೇಡಿ, ಸರದಿ ಬರುವವರೆಗೆ ಕಾಯಿರಿ. ಮೇಜು ಬೆರಳಿನಿಂದ ತಟ್ಟಿದರೆ ಚೆಕ್, ಅಂದರೆ ದುಡ್ಡು ಕಟ್ಟದೆ ಸರದಿ ಮುಂದಕ್ಕೆ ಬಿಟ್ಟೆ, ಅಂತ ಅರ್ಥ. ಯೋಚನೆ ಮಾಡುತ್ತಾ ತಾಳ ಹಾಕುವ ಅಭ್ಯಾಸ ಇದ್ದವರು ಎಚ್ಚರ. ಎಲೆಯನ್ನು ಎತ್ತಿ ಎದೆಗೆ ಹಿಡಿಯಬೇಡಿ. ಮೇಜಿನ ಮೇಲೇ ಇಟ್ಟು ಮೂಲೆ ಬಗ್ಗಿಸಿ ನೋಡಿ, ಮೇಲೊಂದು ಚಿಪ್ ಇಡಿ. ಇಲ್ಲದಿದ್ದರೆ ಬಿಟ್ಟ ಎಲೆಯೆಂದು ಡೀಲರ್ ಬಾಚಿಕೊಳ್ಳಬಹುದು. ಬಿಟ್ಟ ಎಲೆಗಳ ರಾಶಿಗೆ ಸೇರಿದ ಎಲೆಗೆ ಸಾಮಾನ್ಯವಾಗಿ ಜೀವ ಇಲ್ಲ.

ಇದೇ ಕಾರಣಕ್ಕೆ ಕೊನೆಯಲ್ಲಿ ಒಂದು ಮಾತು ಮರೆಯಬಾರದು. ಕಟ್ಟುವುದೆಲ್ಲ ಮುಗಿದು ಎಲೆ ತೋರಿಸುವ ಹೊತ್ತಿಗೆ ಎದುರಿನವರು "ಫ್ಲಶ್" ಅನ್ನುತ್ತಾರೆ, ಒಂದೇ ಜಾತಿಯ ಐದು ಎಲೆ ಇದೆ ಅಂತ. ಹೊಸಬರು ಅದನ್ನು ನಂಬಿ ತಮ್ಮ ಎಲೆ ಎಸೆದುಬಿಡುತ್ತಾರೆ. ಆಮೇಲೆ ನೋಡಿದರೆ ಅದು ಫ್ಲಶ್ ಅಲ್ಲವೇ ಅಲ್ಲ, ನಾಲ್ಕು ಆಟಿನ್ ಜೊತೆ ಒಂದು ಡೈಮಂಡ್. ಸುಳ್ಳು ಹೇಳಿರಬೇಕೆಂದಿಲ್ಲ, ಕೆಂಪು ಕೆಂಪು ಕಂಡು ಮೋಸಹೋಗಿರುತ್ತಾರೆ. ನೀವು ಎಸೆದಾಗಿದೆ, ದುಡ್ಡು ಅವರದ್ದು. ಹಾಗಾಗಿ ಬಾಯಿ ಮುಚ್ಚಿಕೊಂಡು ಎರಡೂ ಎಲೆ ಮೇಜಿನ ಮೇಲೆ ಅಂಗಾತ ಇಡಿ. ಯಾರು ಗೆದ್ದರು ಅಂತ ಓದಿ ಹೇಳುವುದು ಡೀಲರ್ ಕೆಲಸ. ನಿಮಗೆ ಗೊತ್ತಿಲ್ಲದ ಸ್ಟ್ರೇಟ್, ಅಂದರೆ ಸಾಲಾಗಿ ಬರುವ ಐದು ಎಲೆ, ನಿಮ್ಮ ಹತ್ತಿರ ಇದ್ದರೂ ಅವರು ಕಂಡುಹಿಡಿಯುತ್ತಾರೆ.

ಇನ್ನು ನಮ್ಮವರಿಗೇ ಅಂತ ಒಂದು ಎಚ್ಚರಿಕೆ. ಇಬ್ಬರು ಗೆಳೆಯರು ಒಟ್ಟಿಗೆ ಹೋಗಿ ಒಂದೇ ಮೇಜಿನಲ್ಲಿ ಕೂರುತ್ತಾರೆ. ಕೈ, ಅಂದರೆ ಒಮ್ಮೆ ಎಲೆ ಹಂಚಿ ಮುಗಿಸುವ ಒಂದು ಆಟ, ನಡೆಯುವಾಗ ಒಬ್ಬ ಇನ್ನೊಬ್ಬನಿಗೆ "ಏನ್ ಮಗಾ, ಬಿಡ್ತೀಯಾ?" ಅಂತಾನೆ. ತಕ್ಷಣ ಡೀಲರ್ "ಇಂಗ್ಲಿಷ್ ಓನ್ಲಿ" ಅಂತಾರೆ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕೈ ನಡೆಯುವಾಗ ಬೇರೆ ಭಾಷೆ ಆಡಬಾರದು ಅನ್ನುವ ನಿಯಮ ಅಮೆರಿಕದ ಬಹುಪಾಲು ಪೋಕರ್ ರೂಮುಗಳಲ್ಲಿದೆ, ಸ್ಪ್ಯಾನಿಷ್‌ನವರಿಗೂ ಅದೇ, ಚೀನೀಯರಿಗೂ ಅದೇ. ಇಬ್ಬರು ಸೇರಿ ಮೂರನೆಯವನನ್ನು ಸುಲಿಯಬಾರದು ಅಂತ. ಕೈ ಮುಗಿದ ಮೇಲೆ ಬೇಕಾದಷ್ಟು ಕನ್ನಡ ಮಾತಾಡಿ. ಗೆಳೆಯ ಅಂತ ಪರಸ್ಪರ ಬಿಟ್ಟುಕೊಡುವುದೂ ತಪ್ಪೇ. ಒಳ್ಳೆಯದು ಅಂದರೆ ಬೇರೆ ಬೇರೆ ಮೇಜು ಕೇಳಿ.

"ಎಲ್ರೂ ಪಳಗಿದವರೇ ಇರ್ತಾರಲ್ವಾ" ಅನ್ನುವ ಭಯಕ್ಕೆ ಬರೋಣ. ಒನ್ ಥ್ರೀ ಮೇಜಿನಲ್ಲಿ ಯಾರಿರುತ್ತಾರೆ ಗೊತ್ತಾ? ಮದುವೆಗೆ ಮುಂಚಿನ ಪಾರ್ಟಿಗೆ ಬಂದು ಕುಡಿದ ಹುಡುಗರು, ಸಮ್ಮೇಳನದ ಪಟ್ಟಿ ಕೊರಳಲ್ಲೇ ಇರುವ ನಿಮ್ಮಂಥವರು, ನಿವೃತ್ತಿಯಾಗಿ ಅಲ್ಲೇ ಸುತ್ತಮುತ್ತ ಇರುವ ತಾತಂದಿರು. ಕಾಫಿ ಕಪ್ ಹಿಡಿದ ತಾತ ಎರಡು ಗಂಟೆ ಸುಮ್ಮನಿದ್ದು ಒಮ್ಮೆಲೇ ಏರಿಸಿದರೆ, ನಿಮ್ಮ ರಾಣಿ ಜೋಡಿಯನ್ನೂ ಬಿಟ್ಟುಬಿಡಿ. ಅವರು ಸುಳ್ಳಾಡುವುದಿಲ್ಲ. ಕೈ ನಡುಗುತ್ತೆ, ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಂತ ಹೆದರುವವರಿಗೆ ಒಂದು ಸಿಹಿ ಸುದ್ದಿ: ಅನುಭವಿಗಳು ನಡುಗುವ ಕೈಯನ್ನು ಒಳ್ಳೆಯ ಎಲೆಯ ಗುರುತು ಅಂತ ಓದುತ್ತಾರೆ. ನೀವು ಭಯಕ್ಕೆ ನಡುಗಿದರೆ ಅವರೇ ಹಿಂದೆ ಸರಿಯಬಹುದು.

ಆನ್‌ಲೈನ್ ಅನುಭವ ಇಲ್ಲಿ ನಡೆಯುತ್ತಾ ಅಂತಲೂ ಕೇಳುತ್ತಾರೆ. 2003ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್ ಗೆದ್ದ ಕ್ರಿಸ್ ಮನಿಮೇಕರ್ ಟೆನಿಸಿಯ ಒಬ್ಬ ಅಕೌಂಟೆಂಟ್. ಆನ್‌ಲೈನ್‌ನಲ್ಲಿ 86 ಡಾಲರ್ ಕಟ್ಟಿ ಅರ್ಹತೆ ಪಡೆದವರು. 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದರು, ಲೈವ್ ಟೂರ್ನಮೆಂಟ್ ಆಡಿದ್ದು ಅದೇ ಮೊದಲು. ಹಾಗಾಗಿ ನಡೆಯುತ್ತದೆ. ಉಳಿದ 838 ಜನರಲ್ಲಿ ಬಹುಪಾಲು ಜನರ ಹೆಸರು ಯಾರಿಗೂ ನೆನಪಿಲ್ಲ ಅನ್ನುವುದೂ ನಿಜ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿ? ಬೇಜಾರಿನಲ್ಲಿ. ಫೋನಿನಲ್ಲಿ ಒಂದು ಮೇಜಿನಲ್ಲೇ ಗಂಟೆಗೆ 60, 70 ಕೈ ಸಾಗುತ್ತವೆ. ಇಲ್ಲಿ ಕಲೆಸಿ, ಹಾಕಿ, ಕುಡುಕರು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ಗಂಟೆಗೆ 30 ಆದರೆ ದೊಡ್ಡದು. ಕೈಗೆ ಎರಡು ಎಕ್ಕ ಬರುವುದು ಸರಾಸರಿ 221 ಕೈಗೆ ಒಮ್ಮೆ. ಅಂದರೆ ಏಳು ಗಂಟೆಗೂ ಮೀರಿ ಕೂತರೆ ಒಂದು ಸಲ. ನೀವು ಬಂದಿರುವುದೇ ಮೂರು ಗಂಟೆಗೆ. ಸುಮ್ಮನೆ ಬಿಡುತ್ತಾ ಕೂತರೆ ವೇಗಸ್‌ಗೆ ಬಂದು ಆಡಲೇ ಇಲ್ಲ ಅನ್ನಿಸುತ್ತದೆ. ಆಗ ಗುಲಾಮ ಮತ್ತು ನಾಲ್ಕು ಕೂಡ ಚೆಂದ ಕಾಣುತ್ತದೆ. ನನ್ನ ಪ್ರಕಾರ ಹೊಸಬರ 200 ಡಾಲರ್ ಕರಗುವುದು ಯಾರ ಬ್ಲಫ್‌ಗೂ ಅಲ್ಲ, ಈ ಗುಲಾಮ ನಾಲ್ಕಕ್ಕೆ.

ಇನ್ನೊಂದು ತೂತು ಕಾಣುವುದೇ ಇಲ್ಲ. ಬಹುಪಾಲು ಪಾಟ್‌ಗಳಿಂದ, ಅಂದರೆ ಎಲ್ಲರೂ ಕಟ್ಟಿದ ದುಡ್ಡಿನ ರಾಶಿಯಿಂದ, ಕ್ಯಾಸಿನೋ ಒಂದಿಷ್ಟು ಎತ್ತಿಕೊಳ್ಳುತ್ತದೆ, ರೇಕ್ ಅನ್ನುತ್ತಾರೆ. ಎಷ್ಟು ಅಂತ ರೂಮಿನಲ್ಲಿ ಬರೆದು ಹಾಕಿರುತ್ತಾರೆ. ಜಾಕ್‌ಪಾಟ್ ನಿಧಿಗೆ ಅಂತ ಮತ್ತೆ ಒಂದೆರಡು ಡಾಲರ್. ಸರಾಸರಿ ಕೈಗೆ 4 ಡಾಲರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 30 ಕೈಗೆ 120 ಡಾಲರ್. ಒಂಬತ್ತು ಜನ ಇದ್ದರೆ ತಲೆಗೆ 13ಕ್ಕೂ ಜಾಸ್ತಿ. ಕುರ್ಚಿಗೆ ಬಾಡಿಗೆ ಕೊಟ್ಟಂತೆ. ಅದರ ಮೇಲೆ ಡೀಲರ್ ಟಿಪ್, ಪುಕ್ಕಟೆ ಬಿಯರ್ ತಂದವರಿಗೆ ಟಿಪ್. ಎಲ್ಲರೂ ಸಮ ಬಲದವರಾದರೆ ಎಲ್ಲರೂ ಸೋಲುತ್ತಾರೆ.

ಆದರೆ ಒಂದು ವಿಷಯದಲ್ಲಿ ನೆಮ್ಮದಿಯಾಗಿರಿ. ಕೈ ನಡೆಯುವಾಗ ಮೇಜಿನ ಮೇಲೆ ಎಷ್ಟಿದೆಯೋ ಅಷ್ಟನ್ನೇ ಕಟ್ಟಬಹುದು. ಜೇಬಿಂದ ತೆಗೆಯುವ ಹಾಗಿಲ್ಲ. ಧರ್ಮರಾಯನಿಗೆ ಈ ನಿಯಮ ಇದ್ದಿದ್ದರೆ ತಮ್ಮಂದಿರನ್ನು ಪಣಕ್ಕಿಡಲು ಬಿಡುತ್ತಿರಲಿಲ್ಲ. ಕೈ ಮುಗಿದ ಮೇಲೆ ಮಾತ್ರ ಇನ್ನಷ್ಟು ದುಡ್ಡು ಕೊಟ್ಟು ಚಿಪ್ ತಗೊಳ್ಳಬಹುದು. ಧರ್ಮರಾಯ ಹುಟ್ಟಿಕೊಳ್ಳುವುದೂ ಆ ಗಳಿಗೆಯಲ್ಲೇ. ಎಟಿಎಂ ಕಾರ್ಡನ್ನು ಹೋಟೆಲ್ ರೂಮಿನಲ್ಲೇ ಬಿಟ್ಟು ಬನ್ನಿ.

ಅಮೆರಿಕಕ್ಕೆ ಬರದ ಗೆಳೆಯರೂ ಈಗ ಕೇಳುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಪೋಕರ್ ಕೂಡ ಅದರಲ್ಲಿ ಬಂತು. ಫೋನಿನಲ್ಲಿ ಆಡುತ್ತಿದ್ದ ಕೆಲವರ ಕಣ್ಣು ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳ ಮೇಲೆ ಬಿದ್ದಿದೆ. ಅಲ್ಲೂ ವಯಸ್ಸು 21 ಆಗಿರಬೇಕು, ಗುರುತಿನ ಚೀಟಿ ಬೇಕು, ದಡದಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಬ್ಲೈಂಡ್ ಎಷ್ಟು, ಕನಿಷ್ಠ ಎಷ್ಟು ತರಬೇಕು ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಮೇಜಿನ ನಡತೆ ಹೆಚ್ಚುಕಡಿಮೆ ಇದೇ.

ಏಳಬೇಕು ಅನ್ನಿಸಿದಾಗ ಏಳಿ. ಗೆದ್ದ ಕೂಡಲೇ ಹೋಗಬಾರದು ಅಂತ ಯಾವ ನಿಯಮವೂ ಇಲ್ಲ. ಪಕ್ಕದವರು ಗೊಣಗಿದರೆ ಗೊಣಗಲಿ. ಗೆದ್ದದ್ದರಲ್ಲಿ ಅರ್ಧ ಮಾತ್ರ ಜೇಬಿಗೆ ಹಾಕಿಕೊಂಡು ಆಟ ಮುಂದುವರಿಸುವುದಕ್ಕೆ ಬಿಡುವುದಿಲ್ಲ, ಎದ್ದರೆ ಪೂರ್ತಿ ಏಳಬೇಕು. ಡೀಲರ್‌ಗೆ "ರ‍್ಯಾಕ್ ಪ್ಲೀಸ್" ಅಂದರೆ ಚಿಪ್ ಜೋಡಿಸಿಕೊಳ್ಳಲು ಪ್ಲಾಸ್ಟಿಕ್ ತಟ್ಟೆ ತರಿಸಿಕೊಡುತ್ತಾರೆ. ಅದನ್ನು ಹಿಡಿದು ನೇರ ಕ್ಯಾಶ್ ಕೌಂಟರ್‌ಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಒಂದು ಹೋಟೆಲಿನ ಚಿಪ್ ಸಾಮಾನ್ಯವಾಗಿ ಪಕ್ಕದ ಹೋಟೆಲಲ್ಲಿ ನಡೆಯುವುದಿಲ್ಲ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಂತೂ ಕೇಳಲೇಬೇಡಿ.