ಐದು ಬೆಲ್ಟು, ಎಂಟು ಜನ

ಕಳೆದ ಏಪ್ರಿಲ್‌ನಲ್ಲಿ ರಜಕ್ಕೆ ಅಂತ ಸಿಡ್ನಿಯಿಂದ ಊರಿಗೆ ಬಂದಿದ್ದೆವು. ನಮ್ಮೂರು ಪಾಂಡವಪುರದ ಹತ್ತಿರ. ಅತ್ತಿಗೆ ಕಡೆಯವರದ್ದೊಂದು ಬೀಗರೂಟ ಇತ್ತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮಾತಾಡ್ತಾ ಕೂತು, ಹೊರಡುವ ಹೊತ್ತಿಗೆ ರಾತ್ರಿ ಹತ್ತಾಗಿತ್ತು.

ಕಾರಿನ ಕೀ ಅಣ್ಣನ ಮಗನ ಕೈಲಿತ್ತು. ಅವನಿಗೆ 19 ವರ್ಷ. ಡಿ.ಎಲ್. ಬಂದು ಎರಡು ತಿಂಗಳಾಗಿತ್ತು. ಹುಡುಗ ಹುಡುಗಿಯರೆಲ್ಲ ಅವನ ಕಾರಿಗೇ ಹತ್ತಿದರು. ಹಿಂದೆ ಐದು ಜನ, ಮುಂದೆ ಡ್ರೈವರ್ ಪಕ್ಕ ಇನ್ನೊಬ್ಬ. ನನ್ನ ಮಗಳು ಮಾತ್ರ ಬಾಗಿಲು ಹಿಡಿದುಕೊಂಡು ಹೊರಗೇ ನಿಂತಿದ್ದಳು.

"ಮಾವ, ಬೆಲ್ಟ್ ಐದೇ ಇರೋದು. ನಾನೂ ಹತ್ತಿದ್ರೆ ಎಂಟು ಜನ ಆಗ್ತೀವಿ."

"ಆರು ಕಿಲೋಮೀಟ್ರು ಅಷ್ಟೇ ಕಂದ, ಅಡ್ಜಸ್ಟ್ ಮಾಡ್ಕೊ" ಅಂದ ಅಣ್ಣ.

"ಪರವಾಗಿಲ್ಲ ಮಾವ, ನಾನು ಆಮೇಲೆ ಬರ್ತೀನಿ" ಅಂದಳು. ದನಿ ಏರಿಸಲಿಲ್ಲ. ಹತ್ತಲೂ ಇಲ್ಲ.

ಫಾರಿನ್ ಹುಡುಗಿ, ಧಿಮಾಕು ಅಂತ ಕೆಲವರಿಗೆ ಅನಿಸಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ ಅವಳ ಬಗ್ಗೆ ಹೆಮ್ಮೆ ಆಯಿತು. ಆ ರಾತ್ರಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅವಳು ಯಾಕೆ ಹಾಗೆ ನಿಂತಳು ಅನ್ನೋದು ನಮ್ಮವರಿಗೆ ಗೊತ್ತಾಗಬೇಕು.

ನಾವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹದಿನಾರಕ್ಕೆ ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಸಿಗುತ್ತದೆ. ಪಕ್ಕದಲ್ಲಿ ಪೂರ್ತಿ ಲೈಸೆನ್ಸ್ ಇರುವವರು ಕೂತಿರಲೇಬೇಕು. ವಯಸ್ಸು 25ರ ಒಳಗಿದ್ದರೆ 120 ಗಂಟೆ ಓಡಿಸಿ ತೋರಿಸಬೇಕು. ಅದರಲ್ಲಿ 20 ಗಂಟೆ ರಾತ್ರಿಯದ್ದು. ಎಲ್ಲದಕ್ಕೂ ಲೆಕ್ಕದ ಪುಸ್ತಕ ಉಂಟು. ತಾರೀಕು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಮೀಟರ್ ಎಷ್ಟಿತ್ತು, ಮಳೆಯೋ ಬಿಸಿಲೋ, ಕೊನೆಗೆ ಪಕ್ಕದಲ್ಲಿ ಕೂತವರ ಸಹಿ. ಹಾಲು ತರಲು ಹತ್ತು ನಿಮಿಷ ಹೋದರೂ ಬರೆದಿಡುತ್ತಿದ್ದಳು. ನನ್ನ ಸಹಿ ಆ ಪುಸ್ತಕದಲ್ಲಿ ಎಷ್ಟು ಸಲ ಇದೆಯೋ! ಮಳೆಗಾಲದ ಒಂದು ಸಂಜೆ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕಕ್ಕೆ ಬಂತು. ಅವಳ ಬೆರಳು ಸ್ಟೇರಿಂಗ್ ಮೇಲೆ ಬಿಳಿಚಿಕೊಂಡಿತ್ತು. ಇಬ್ಬರೂ ಮಾತಾಡಲಿಲ್ಲ. ಲಾರಿ ದಾಟಿದ ಮೇಲೆ "ಅಮ್ಮ, ಈಗ ಉಸಿರಾಡಬಹುದು" ಅಂದಳು. ಆ ಅರ್ಧ ಗಂಟೆ ಕಲಿಸಿದ್ದನ್ನು ಯಾವ ಪರೀಕ್ಷೆಯೂ ಕಲಿಸಲ್ಲ.

ಟೆಸ್ಟ್ ಪಾಸಾದರೆ ಕೆಂಪು ಪಿ, ಅಂದರೆ ಗಾಡಿಗೆ ಪಿ ಬೋರ್ಡ್ ಹಾಕಿಕೊಂಡು ಓಡಿಸುವ ತಾತ್ಕಾಲಿಕ ಲೈಸೆನ್ಸ್. ಒಂದು ವರ್ಷ ಆದ ಮೇಲೆ ಹಸಿರು ಪಿ, ಅದು ಎರಡು ವರ್ಷ. ಆಮೇಲಷ್ಟೇ ಪೂರ್ತಿ ಲೈಸೆನ್ಸ್. ಎಲ್ಲ ಸೇರಿ ಹತ್ತಿರ ಹತ್ತಿರ ನಾಲ್ಕು ವರ್ಷ. ಕೆಂಪು ಪಿ ಇರುವವರು ಗಂಟೆಗೆ 90 ಕಿಲೋಮೀಟರ್ ದಾಟುವಂತಿಲ್ಲ. ಕುಡಿದು ಓಡಿಸುವ ಮಾತೇ ಇಲ್ಲ, ಒಂದು ಗುಟುಕೂ ಇಲ್ಲ. ಫೋನ್ ಸ್ಪೀಕರ್‌ಗೆ ಹಾಕಿಕೊಂಡೂ ಮಾತಾಡುವಂತಿಲ್ಲ. ತಪ್ಪು ಮಾಡಿದಷ್ಟೂ ಕಳೆದುಹೋಗುವ ಪಾಯಿಂಟು ಲೈಸೆನ್ಸಿನಲ್ಲಿ ನಾಲ್ಕೇ. ಒಂದು ಸಲ ಸ್ಪೀಡಿಗೆ ಸಿಕ್ಕಿಬಿದ್ದರೆ ನಾಲ್ಕೂ ಹೋಗಿ, ಕಡಿಮೆ ಅಂದರೂ ಮೂರು ತಿಂಗಳು ಗಾಡಿ ಮುಟ್ಟುವಂತಿಲ್ಲ.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ನಿಯಮ. ಕೆಂಪು ಪಿ ಇರುವ, 25 ತುಂಬದ ಡ್ರೈವರ್ ರಾತ್ರಿ 11ರಿಂದ ಬೆಳಗಿನ 5ರವರೆಗೆ 21ರೊಳಗಿನವರನ್ನು ಒಬ್ಬರಿಗಿಂತ ಜಾಸ್ತಿ ಕೂರಿಸಿಕೊಳ್ಳುವಂತಿಲ್ಲ. 2007ರಿಂದ ಇದು ಜಾರಿಯಲ್ಲಿದೆ. ಹೊಸದಾಗಿ ಕಲಿತವರ ಕಾರಿನಲ್ಲಿ ಅದೇ ವಯಸ್ಸಿನವರು ತುಂಬಿದಷ್ಟೂ ಅಪಾಯ ಜಾಸ್ತಿ. ನಗು, ಹಾಡು, "ಇನ್ನೂ ಸ್ವಲ್ಪ ಒತ್ತು ಮಗಾ" ಅನ್ನುವ ಮಾತು. ಡ್ರೈವರ್ ಕಣ್ಣು ರಸ್ತೆ ಮೇಲಿದ್ದರೂ ಮನಸ್ಸು ಹಿಂದಿನ ಸೀಟಿನಲ್ಲಿರುತ್ತದೆ ಅಲ್ವಾ?

ಒಂದು ರಾತ್ರಿ 11.20ಕ್ಕೆ ಮಗಳ ಫೋನ್ ಬಂತು. ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. "ಅಮ್ಮ, ಇಬ್ಬರನ್ನು ಮನೆಗೆ ಬಿಡಬೇಕು. ನಾನು ಒಬ್ಬಳನ್ನು ಕೂರಿಸ್ಕೋತೀನಿ, ನೀನು ಬಂದು ಇನ್ನೊಬ್ಬಳನ್ನು ಕರ್ಕೋ." ನೈಟಿ ಮೇಲೆ ಶಾಲು ಹೊದ್ದುಕೊಂಡು ಹೋದೆ. ಅವಳ ಕಾರು ಮುಂದೆ, ನನ್ನದು ಹಿಂದೆ. ಹಿಂದಿನ ಗಾಜಿನ ಮೂಲೆಯಲ್ಲಿ ಆ ಕೆಂಪು ಪಿ ನನ್ನ ಲೈಟಿಗೆ ಮಿನುಗುತ್ತಿತ್ತು. ನಿದ್ದೆ ಕೆಟ್ಟಿದ್ದಕ್ಕೆ ಒಂಚೂರೂ ಬೇಸರ ಆಗಲಿಲ್ಲ.

ಜನರನ್ನು ಕೂರಿಸಿಕೊಳ್ಳುವ ಲೆಕ್ಕ ದೊಡ್ಡವರಿಗೂ ಇದೆ. ಮಾಮೂಲಿ ಕಾರಿನ ಲೈಸೆನ್ಸಿಗೆ ಅಲ್ಲಿ ಸಿ ಕ್ಲಾಸ್ ಅಂತಾರೆ. ಡ್ರೈವರ್ ಸೇರಿ 12 ಜನ ಕೂರುವ ಗಾಡಿವರೆಗೆ ಅದು ಸಾಕು. ಸೀಟು ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಕ್ಲಾಸಿನ ಲೈಸೆನ್ಸ್ ಬೇಕು. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಸಿಡ್ನಿ ಹತ್ತಿರದ ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ನಾವು 14 ಜನ ಇದ್ದೆವು. ಎಲ್ಲರೂ ಒಟ್ಟಿಗೆ ಒಂದೇ ವ್ಯಾನಿನಲ್ಲಿ ಹೋಗೋಣ ಅಂತ ಆಸೆ ಇತ್ತು. ಆಗಲಿಲ್ಲ, ಎರಡು ಗಾಡಿ ಮಾಡಿದೆವು. ಒಬ್ಬೊಬ್ಬರಿಗೂ ಒಂದೊಂದು ಬೆಲ್ಟು. ಹಾಕದೆ ಕೂತವರಿದ್ದರೆ ಡ್ರೈವರ್‌ಗೂ ದಂಡ, ಡ್ರೈವರ್ ಪಾಯಿಂಟೂ ಹೋಗುತ್ತದೆ.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಎಲ್.ಎಲ್. (ಕಲಿಯುವವರ ಲೈಸೆನ್ಸ್) ಇರುವವರ ಪಕ್ಕ ಲೈಸೆನ್ಸ್ ಇರುವವರು ಕೂರಬೇಕು, ಎಲ್ ಬೋರ್ಡ್ ಹಾಕಬೇಕು. ಬೈಕಿನಲ್ಲಿ ಹಿಂದೆ ಒಬ್ಬರೇ. ಕಲಿಯುವವನ ಹಿಂದೆ ಕಲಿಸುವವರು ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ. 18 ಆಗದ ಮಕ್ಕಳ ಕೈಗೆ ಗಾಡಿ ಕೊಟ್ಟು ಏನಾದರೂ ಆದರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ 2019ರ ತಿದ್ದುಪಡಿಯಲ್ಲಿ ಬಂದಿದೆ. ಆದರೆ ಎಲ್.ಎಲ್. ಆಗಿ 30 ದಿನಕ್ಕೆ ಟೆಸ್ಟ್ ಕೊಡಬಹುದು. ಇಷ್ಟು ಗಂಟೆ ಓಡಿಸಿರಬೇಕು ಅಂತ ಮನೆಯವರನ್ನು ಯಾರೂ ಲೆಕ್ಕ ಕೇಳಲ್ಲ. ಪಾಸಾದ ಮಾರನೇ ದಿನ ಆ ಹುಡುಗನಿಗೂ ಮೂವತ್ತು ವರ್ಷ ಓಡಿಸಿದವರಿಗೂ ಒಂದೇ ಡಿ.ಎಲ್. ನನ್ನನ್ನು ಹೆದರಿಸುವುದು ಇದೇ. ಲಗೇಜ್ ಆಟೋದಲ್ಲಿ, ಗೂಡ್ಸ್ ಟೆಂಪೋದಲ್ಲಿ ನಿಂತುಕೊಂಡು ಮದುವೆಗೆ ಹೋಗುವವರನ್ನು ನೋಡಿದರೂ ಎದೆ ಹಿಡಿದಂತಾಗುತ್ತದೆ. ಆ ಗಾಡಿ ಸಾಮಾನಿಗೆ ಇರೋದು. ಅದರ ಇನ್ಶೂರೆನ್ಸ್ ಮಾಡಿಸುವಾಗ ಹಿಂದೆ ನಿಂತ ಅಜ್ಜಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲ್ಲ.

ನಮ್ಮ ಕಡೆ ರಸ್ತೆ ಪಕ್ಕದಲ್ಲೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುತ್ತದೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ಆ ನೀರಿನ ಪಕ್ಕದಲ್ಲಿ ಹಾದುಹೋಗುವಾಗ ಆರು ಕಿಲೋಮೀಟರ್ ಅಷ್ಟೇ ಅಂತ ನನಗೆ ಹೇಳಲು ಬಾಯಿ ಬರಲ್ಲ.

ಆ ರಾತ್ರಿ ಅಣ್ಣ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದ. ಆಮೇಲೆ ಕಾರಿನ ಹತ್ತಿರ ಹೋಗಿ, ಮಗನ ಕೈಯಿಂದ ಕೀ ಇಸ್ಕೊಂಡು, "ಮೂರು ಜನ ಇಳೀರಪ್ಪ, ಎರಡು ಟ್ರಿಪ್ ಹೊಡೀತೀನಿ" ಅಂದ. ಎರಡನೇ ಟ್ರಿಪ್ಪಿನವರು ಮನೆ ಮುಟ್ಟಿದಾಗ ಹನ್ನೊಂದೂವರೆ.

ಹೋದ ವಾರ ಅಣ್ಣ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅವನ ಕಿರಿ ಮಗಳಿಗೆ 18 ತುಂಬಿ ಎಲ್.ಎಲ್. ಆಗಿದೆ. ಇನ್ನೂರು ಪೇಜಿನ ನೋಟ್‌ಬುಕ್ಕಿಗೆ ಅಣ್ಣನೇ ಸ್ಕೇಲ್ ಇಟ್ಟು ಗೆರೆ ಹಾಕಿದ್ದಾನೆ. ಮೊದಲ ಸಾಲು ಅವಳ ಅಕ್ಷರದಲ್ಲಿದೆ. ಬೆಳಿಗ್ಗೆ 6.10ರಿಂದ 6.50. ರೈಲ್ವೆ ಸ್ಟೇಷನ್ ರಸ್ತೆ. ಜೊತೆಯಲ್ಲಿ: ಅಪ್ಪ ಒಬ್ಬರೇ.