ಪಂಚನಾಗಿ ಹೋದ ದಿನ

ಪೊಲೀಸ್ ಠಾಣೆ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಒಳಗೆ ಯಾರ ಕೆಲಸ ಆಯಿತು, ಯಾರದು ಆಗಲಿಲ್ಲ ಅಂತ ಯಾರೂ ಹೇಳಬೇಕಾಗಿಲ್ಲ. ಎಫ್‌ಐಆರ್ ಆದವರು ಆ ಕಾಗದ ತಂದು ನಾಲ್ಕೈದು ಪ್ರತಿ ತೆಗೆಸುತ್ತಾರೆ. ಇನ್ಶೂರೆನ್ಸ್‌ಗೊಂದು, ಆಫೀಸಿಗೊಂದು, ಮನೆಯಲ್ಲಿಡಲು ಒಂದು. ಆಗದವರು ತಮ್ಮದೇ ದೂರಿನ ಪ್ರತಿಯನ್ನು ಮತ್ತೆ ಮತ್ತೆ ತೆಗೆಸುತ್ತಾರೆ. ಇವತ್ತು ಇನ್ಸ್‌ಪೆಕ್ಟರಿಗೆ, ಮುಂದಿನ ವಾರ ಎಸಿಪಿಗೆ, ಆಮೇಲೆ ಡಿಸಿಪಿಗೆ. ಇವೆರಡರ ನಡುವೆ ಹಿಂಬರಹ ಸಿಕ್ಕವರಿದ್ದಾರೆ. ದೂರು ಸಿವಿಲ್ ಸ್ವರೂಪದ್ದಾಗಿದೆ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು ಅನ್ನುವ ಎರಡು ಸಾಲು. ಅದನ್ನು ಹಿಡಿದು ಬಂದವರ ಜೊತೆ ನಾನು ಜಾಸ್ತಿ ಮಾತಾಡುವುದಿಲ್ಲ. ಏನಂತ ಮಾತಾಡಲಿ?

ಕಾಗ್ನಿಜಬಲ್ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ. ದೂರು ಟೈಪ್ ಮಾಡಿಸಲು ಬಂದವರಿಗೆ ನಾನು ಆ ತೀರ್ಪಿನ ಹೆಸರನ್ನು ಕೊನೆಯ ಸಾಲಿನಲ್ಲಿ ಸೇರಿಸಿ ಕೊಡುತ್ತೇನೆ. ಕೆಲವು ಸಲ ಕೆಲಸ ಮಾಡುತ್ತದೆ. ಕೆಲವು ಸಲ, "ಇದನ್ನ ಯಾರು ಬರೆದುಕೊಟ್ಟಿದ್ದು?" ಅಂತ ಕೇಳಿ ಕಳಿಸುತ್ತಾರೆ.

ಬೆಂಗಳೂರು ಪೊಲೀಸರ ಮೇಲೆ ಜನಕ್ಕೆ ನಂಬಿಕೆ ಉಂಟೇ ಅಂತ ಟಿವಿಯಲ್ಲಿ ಆಗಾಗ ಚರ್ಚೆ ಆಗುತ್ತದೆ. ನನ್ನ ಮುಂದೆ ಆ ಪ್ರಶ್ನೆ ನೇರವಾಗಿ ಬಂದು ನಿಂತದ್ದು 2024ರ ಗಣೇಶನ ಹಬ್ಬ ಮುಗಿದ ಮೇಲೆ. ಬೆಳಗ್ಗೆ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಪೆನ್‌ಡ್ರೈವ್ ತಂದರು. ಪರಿಚಿತರೇ. ಠಾಣೆಯ ಪ್ರಿಂಟರ್‌ನಲ್ಲಿ ಟೋನರ್ ಖಾಲಿಯಾದಾಗಲೆಲ್ಲ ನಮ್ಮಲ್ಲಿಗೇ ಬರುತ್ತಾರೆ. ಬಾಕಿ ಬರೆಸುತ್ತಾರೆ. ತಿಂಗಳ ಕೊನೆಗೆ ತಮ್ಮ ಜೇಬಿನಿಂದಲೇ ಕೊಡುತ್ತಾರೆ. ಪೊಲೀಸ್ ಸುಧಾರಣೆ ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಈ ಬಾಕಿ ಪುಸ್ತಕ. ತನಿಖೆಯ ಕಾಗದಕ್ಕೆ ತನಿಖೆ ಮಾಡುವವರೇ ದುಡ್ಡು ಹಾಕುವ ಇಲಾಖೆ ಇನ್ನೆಲ್ಲಿದೆಯೋ ಗೊತ್ತಿಲ್ಲ.

ಪ್ರಿಂಟ್ ತೆಗೆದೆ. ಮೂರು ಪುಟದ ಮಹಜರು, ಅಂದರೆ ಪಂಚನಾಮೆ; ಸ್ಥಳದಲ್ಲಿ ಏನು ಸಿಕ್ಕಿತು ಅಂತ ಸಾಕ್ಷಿಗಳ ಮುಂದೆ ಬರೆಯುವ ಕಾಗದ. ಕೊಟ್ಟೆ. ಅವರು ಅದನ್ನು ಮಡಚಿ ಫೈಲಿಗೆ ಸೇರಿಸಿಕೊಂಡು, "ಸಾರ್, ಮಧ್ಯಾಹ್ನ ಒಂದರ್ಧ ಗಂಟೆ ಬನ್ನಿ. ಮೊಬೈಲ್ ಕಳ್ಳತನದ ಕೇಸು. ಪಂಚರಾಗಿ ಒಂದು ಸಹಿ ಹಾಕಿದ್ರೆ ಆಯ್ತು" ಅಂದರು.

ಪಂಚನಾಗುವುದು ಅಂದರೆ ಪೊಲೀಸರ ಶೋಧ, ಜಪ್ತಿಗೆ ಸಾಕ್ಷಿಯಾಗಿ ನಿಲ್ಲುವುದು. ಆ ಮಾತು ಬಂದರೆ ನಮ್ಮ ಬೀದಿಯಲ್ಲಿ ಎಲ್ಲರೂ ಶಟರ್ ಎಳೆಯುತ್ತಾರೆ. ವರ್ಷಗಳ ನಂತರ ಸಮನ್ಸ್ ಬರುತ್ತದೆ, ಕೋರ್ಟಿನ ಬಾಗಿಲಲ್ಲಿ ದಿನವಿಡೀ ನಿಲ್ಲಬೇಕು. ಆದರೆ ಪೊಲೀಸರು ಲಿಖಿತವಾಗಿ ಕರೆದರೆ ಸಕಾರಣ ಇಲ್ಲದೆ ನಿರಾಕರಿಸುವುದು ಅಪರಾಧ. ಅದು ಬಿಡಿ, ನನ್ನ ಅಂಗಡಿಯ ಬೋರ್ಡು ಫುಟ್‌ಪಾತ್ ಮೇಲಿದೆ. ಹೂಂ ಅಂದೆ.

ಜಾಗ ಅಲ್ಲಿಂದ ನಡೆದು ಹೋಗುವಷ್ಟು ದೂರ. ಅರ್ಧ ಕಟ್ಟಿ ನಿಲ್ಲಿಸಿದ ಒಂದು ಬಿಲ್ಡಿಂಗ್. ಇನ್ನೊಬ್ಬ ಪಂಚ ಎಳನೀರು ಗಾಡಿಯವನು. ಅವನು ಬಂದ ಕೂಡಲೇ ಪೆನ್ನು ಕೇಳಿದ. ತಳ್ಳುಗಾಡಿ ಇಟ್ಟುಕೊಂಡವನಿಗೆ ಪೊಲೀಸರಿಗೆ ಆಗಲ್ಲ ಅನ್ನುವ ಅನುಕೂಲ ಇಲ್ಲ. ಕಾನೂನು ಕೇಳುವುದು ಸ್ವತಂತ್ರ, ಗೌರವಸ್ಥ ಸ್ಥಳೀಯರನ್ನು. ಸಿಗುವುದು ಅವನು ಮತ್ತು ನಾನು.

ಹುಡುಗನನ್ನು ಕರೆತಂದರು. ಇಪ್ಪತ್ತು ತುಂಬಿದ ಹಾಗೆ ಕಾಣಲಿಲ್ಲ. ಒಂದು ಕೆನ್ನೆ ಊದಿತ್ತು. ಏನಾಯ್ತಪ್ಪ ಅಂತ ಕೇಳಿದೆ. ಹಲ್ಲುನೋವು ಅಂದ. ಹೆಡ್ ಕಾನ್ಸ್‌ಟೇಬಲ್ ಕೂಡ ಹಲ್ಲುನೋವು ಅಂದರು. ನಿಜ ಇರಬಹುದು. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ಧ್ವನಿಯೂ ದಾಖಲಾಗಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದ್ದು ಇಂಥ ಹಲ್ಲುನೋವುಗಳ ಕಾರಣಕ್ಕೇ. ಮಹಜರಿನಲ್ಲಿ ಕೆನ್ನೆ ಬಗ್ಗೆ ಬರೆಯಲು ಜಾಗವಿರಲಿಲ್ಲ. ನಾನೂ ಮುಂದೆ ಕೇಳಲಿಲ್ಲ.

ಅವನು ಮೆಟ್ಟಿಲ ಕೆಳಗೆ ಜೋಡಿಸಿದ್ದ ಇಟ್ಟಿಗೆ ಸರಿಸಿ ಒಂದು ಚೀಲ ತೆಗೆದುಕೊಟ್ಟ. ಕಾನ್ಸ್‌ಟೇಬಲ್ ತಮ್ಮ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿಯ ವಿಡಿಯೊ ಕಡ್ಡಾಯ. ಚೀಲದಲ್ಲಿ ಫೋನುಗಳಿದ್ದವು. ಪವರ್ ಬ್ಯಾಂಕ್ ಸಿಕ್ಕಿಸಿ ಒಂದೊಂದನ್ನೇ ಆನ್ ಮಾಡಿ, ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ, ಪ್ರತಿ ಫೋನಿನ ಗುರುತಾದ ಐಎಂಇಐ ನಂಬರ್ ಬರೆದುಕೊಂಡರು. ಎಣಿಸಿದರೆ ಐದು.

ಆಮೇಲೆ ಫೈಲಿನಿಂದ ಆ ಮೂರು ಪುಟ ಹೊರಬಂತು.

"ಎಲ್ಲಿ ಇಂಟು ಮಾರ್ಕ್ ಇದೆಯೋ ಅಲ್ಲಿ."

ಓದಿಬಿಡ್ತೀನಿ ಅಂದೆ. ಪಂಚರಾದ ನಾವುಗಳು ಹಾಜರಿದ್ದು, ಆರೋಪಿಯು ತೋರಿಸಿಕೊಟ್ಟ ಸ್ಥಳದಲ್ಲಿ, ಒಟ್ಟು ಆರು ಮೊಬೈಲ್ ಫೋನುಗಳನ್ನು ನಮ್ಮ ಸಮಕ್ಷಮ ಜಪ್ತಿ ಮಾಡಿ, ಸದರಿ ಪಂಚನಾಮೆಯನ್ನು ಬೆಳಗ್ಗೆ 10-30ರಿಂದ 11-45ರವರೆಗೆ ಸ್ಥಳದಲ್ಲಿಯೇ ಬರೆದು ಮುಗಿಸಲಾಯಿತು. ಓದಿಸಿ ಕೇಳಿದೆವು, ಸರಿ ಇದೆ.

ಆಗ ಮಧ್ಯಾಹ್ನ ಮೂರು ದಾಟಿತ್ತು. ಬೆಳಗ್ಗೆ ಹತ್ತೂವರೆಗೆ ಈ ಕಾಗದ ನನ್ನ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿತ್ತು!

ಟೈಮ್ ತಪ್ಪಿದೆ, ಫೋನು ಐದೇ ಇವೆ ಅಂದೆ. ಅವರು ಸಿಟ್ಟಾಗಲಿಲ್ಲ. ಬೇಜಾರಾದರು. ಹಿಂದಿನ ರಾತ್ರಿಯಿಡೀ ಗಣೇಶ ವಿಸರ್ಜನೆ ಬಂದೋಬಸ್ತ್‌ನಲ್ಲಿದ್ದು ಮನೆಗೆ ಹೋಗದೆ ಬಂದಿದ್ದರು. "ಹುಡುಗ ನಿನ್ನೆ ಆರು ಅಂದಿದ್ದ ಸಾರ್. ಇನ್ನೊಂದು ಎಲ್ಲೋ ಮಾರಿರ್ತಾನೆ. ಸಿಗುತ್ತೆ. ಕಳ್ಳ ಇವನೇ ಅಂತ ನೀವೇ ಕಣ್ಣಾರೆ ನೋಡಿದ್ರಲ್ಲ? ಅಷ್ಟೂ ನಂಬಿಕೆ ಇಲ್ವಾ ನಮ್ಮ ಮೇಲೆ?"

ಇತ್ತು. ನಿಜ ಹೇಳಬೇಕೆಂದರೆ ಆ ಮನುಷ್ಯನ ಮೇಲೆ ನನಗೆ ನಂಬಿಕೆ ಇತ್ತು. ಆದರೆ ನಂಬಿಕೆಯಿಂದಲೇ ನಡೆಯುವುದಾದರೆ ನನ್ನನ್ನು ಕರೆಯುವ ಅಗತ್ಯವೇ ಇರಲಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಅಂತ 1872ರಲ್ಲೇ ಬ್ರಿಟಿಷರು ಬರೆದಿಟ್ಟರು. ತಾವೇ ಕಟ್ಟಿದ ಪೊಲೀಸ್ ಪಡೆಯನ್ನು ತಾವೇ ನಂಬಲಿಲ್ಲ. ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತಿಲ್ಲ ಅನ್ನುವುದೂ ಹಾಗೇ. ಆ ಅನುಮಾನದ ಜಾಗದಲ್ಲಿ ಕಾನೂನು ಬೀದಿಯ ಇಬ್ಬರನ್ನು ತಂದು ನಿಲ್ಲಿಸಿದೆ. ಆ ಇಬ್ಬರೂ ಓದದೆ ಸಹಿ ಹಾಕಿದರೆ ಅಲ್ಲಿರುವುದು ಮತ್ತೆ ಪೊಲೀಸರೊಬ್ಬರೇ.

ಇದನ್ನೆಲ್ಲ ನಾನು ಅಲ್ಲಿ ಹೇಳಲಿಲ್ಲ. ಐದು ಅಂತ ಬರೀರಿ, ಹಾಕ್ತೀನಿ ಅಂತಷ್ಟೇ ಅಂದೆ. ಎಳನೀರಿನವನು ನನ್ನನ್ನು ಹುಚ್ಚನ ಹಾಗೆ ನೋಡಿದ. ಅವನ ಸಹಿ ಆಗಲೇ ಮೂರು ಪುಟದಲ್ಲೂ ಬಿದ್ದಿತ್ತು.

ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಬಂದರು. ಸರ್ವಿಸ್‌ಗೆ ಸೇರಿ ಹೆಚ್ಚು ದಿನವಾಗಿರದ ಹೆಣ್ಣುಮಗಳು. ವಿಷಯ ಕೇಳಿದರು. ಕಾಗದ ನೋಡಿದರು. "ವಿಡಿಯೊದಲ್ಲಿ ಟೈಮ್ ಮೂರು ಗಂಟೆ ಅಂತ ಇರುತ್ತಲ್ರೀ" ಅಂದು ಆ ಮೂರು ಪುಟವನ್ನು ಹರಿದರು. ಸತ್ಯಕ್ಕಿಂತ ಮೊಬೈಲಿನ ಗಡಿಯಾರ ಅವರನ್ನು ಹೆಚ್ಚು ಹೆದರಿಸಿರಬೇಕು. ಇರಲಿ. ವಿಡಿಯೊ ಕಡ್ಡಾಯ ಮಾಡಿದವರು ಬಯಸಿದ್ದೂ ಅದನ್ನೇ ಅಲ್ವಾ?

ಹೆಡ್ ಕಾನ್ಸ್‌ಟೇಬಲ್ ಸಿಮೆಂಟ್ ಚೀಲದ ಮೇಲೆ ಕೂತು ಮೊದಲಿಂದ ಕೈಯಲ್ಲಿ ಬರೆದರು. ಒಂದೊಂದು ಐಎಂಇಐಗೆ ಹದಿನೈದು ಅಂಕಿ. ನಾನು ಓದಿ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಮೊಹರು ಒತ್ತಿ, ನಮ್ಮ ಸಹಿಯ ಚೀಟಿ ಅಂಟಿಸುವಷ್ಟರಲ್ಲಿ ಕತ್ತಲಾಯಿತು.

ಬರೆಯುತ್ತಲೇ ಅವರು ಮಾತಾಡಿದರು. ಎಂಟು ಗಂಟೆ ಡ್ಯೂಟಿ ಅಂತ ಕೇಳುತ್ತಲೇ ಇದ್ದಾರಂತೆ, ನೋಡಿಲ್ಲವಂತೆ. 2016ರ ಜೂನ್‌ನಲ್ಲಿ ಸಂಬಳ, ರಜೆ ವಿಚಾರಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟದ್ದು ನೆನಪಿಸಿದರು. ಆಮೇಲೆ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿ ವರದಿ ಬಂತು, ಸ್ವಲ್ಪ ಸಂಬಳ ಏರಿತು. "ಅವರು ಹೇಳಿದ ಕಡೆ ಕೆಲಸ, ಇವರು ಹೇಳಿದ ದಿನ ಟ್ರಾನ್ಸ್‌ಫರ್. ನಮ್ಮ ಸಾಹೇಬ್ರು ಬಂದು ಇನ್ನೂ ಏರಿಯಾ ಪರಿಚಯ ಆಗಿಲ್ಲ, ಆಗಲೇ ಹೋಗ್ತಾರೆ ಅಂತ ಸುದ್ದಿ" ಅಂದರು.

ಪ್ರಕಾಶ್ ಸಿಂಗ್ ಹೆಸರು ಕೇಳಿದ್ದೀರಾ ಅಂತ ನಾನು ಕೇಳಿದೆ. ಇಲ್ಲ. ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು. ನಿವೃತ್ತರಾದ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪೊಲೀಸರನ್ನು ರಾಜಕಾರಣಿಗಳ ಕೈಯಿಂದ ಬಿಡಿಸಿ ಅಂತ ಕೇಳಿದ್ದು ಒಬ್ಬ ಪೊಲೀಸರೇ! ಹತ್ತು ವರ್ಷಕ್ಕೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಠಾಣಾಧಿಕಾರಿಗೆ ಕನಿಷ್ಠ 2 ವರ್ಷ ಒಂದೇ ಕಡೆ ಕೆಲಸ. ತನಿಖೆ ಮಾಡುವವರು ಬೇರೆ, ಬಂದೋಬಸ್ತ್‌ಗೆ ನಿಲ್ಲುವವರು ಬೇರೆ. ವರ್ಗಾವಣೆಗೆ ಇಲಾಖೆಯೊಳಗೇ ಒಂದು ಮಂಡಳಿ. ಪೊಲೀಸರ ಮೇಲಿನ ದೂರು ಕೇಳಲು ನಿವೃತ್ತ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಕ್ಕೂ ಜಾಗ ಮಾಡಿತು.

"ತನಿಖೆ ಬೇರೆ, ಬಂದೋಬಸ್ತ್ ಬೇರೆಯಾ?" ಅಂತ ಅವರು ಪೆನ್ನು ನಿಲ್ಲಿಸಿ ಕೇಳಿದರು. ಉಳಿದದ್ದು ಯಾವುದೂ ಅವರಿಗೆ ರುಚಿಸಿದಂತೆ ಕಾಣಲಿಲ್ಲ. ದೂರು ಪ್ರಾಧಿಕಾರದ ಮಾತು ಬಂದಾಗಲಂತೂ, "ನಮ್ಮ ಮೇಲೆ ಹಾಕೋಕೆ ಇನ್ನೂ ಒಂದಾ" ಅಂದರು. ಅವರ ತಪ್ಪಲ್ಲ. ಆ ಪ್ರಾಧಿಕಾರಕ್ಕೆ ಅರ್ಜಿ ಬರೆಸಲು ನನ್ನ ಅಂಗಡಿಗೆ ಇದುವರೆಗೆ ಒಬ್ಬರೂ ಬಂದಿಲ್ಲ. ಅಂಥದ್ದೊಂದು ಇದೆ ಅಂತ ಹೇಳುವ ಬೋರ್ಡು ನಮ್ಮ ಠಾಣೆಯ ಗೋಡೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಜನಸ್ನೇಹಿ ಪೊಲೀಸ್ ಅನ್ನುವ ಪೋಸ್ಟರ್ ಮಾತ್ರ ದೊಡ್ಡದಾಗಿದೆ.

ಮರುವರ್ಷ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಹಿಂದಿನ ರಾತ್ರಿಯೆಲ್ಲ ಆರ್‌ಸಿಬಿ ಗೆದ್ದ ಸಂಭ್ರಮದ ಬೀದಿಗಳನ್ನು ಕಾದ ಪೊಲೀಸರೇ ಮರುದಿನವೂ ನಿಂತಿದ್ದರು. ಜೂನ್ 5ರಂದು ಸರ್ಕಾರ ನಗರದ ಪೊಲೀಸ್ ಕಮಿಷನರ್ ದಯಾನಂದ ಮತ್ತು ಇತರರನ್ನು ಅಮಾನತು ಮಾಡಿತು. ನನ್ನ ಅಂಗಡಿಗೆ ಬರುವ ಜನ, ಹಿಂಬರಹ ಹಿಡಿದು ಬಯ್ಯುತ್ತಿದ್ದ ಜನ, ಅವತ್ತು ಪೊಲೀಸರ ಪರ ಮಾತಾಡಿದರು. ಪೊಲೀಸರೂ ಮನುಷ್ಯರೇ, ದೇವರಲ್ಲ, ಜಾದೂಗಾರರಲ್ಲ ಅಂತ ಜುಲೈನಲ್ಲಿ ಆ ಅಮಾನತಿನ ವಿಚಾರದಲ್ಲಿ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಹೇಳಿದ್ದನ್ನು ಎಲ್ಲರೂ ಸ್ಟೇಟಸ್ ಹಾಕಿಕೊಂಡರು. ನಮ್ಮ ಹೆಡ್ ಕಾನ್ಸ್‌ಟೇಬಲ್ ಅದನ್ನು ನನಗೂ ಕಳಿಸಿದರು.

ನನಗೆ ಆ ಉತ್ಸಾಹ ಪೂರ್ತಿ ಬರಲಿಲ್ಲ. ಅಯ್ಯೋ ಪಾಪ ಅನ್ನುವುದೂ ನಂಬಿಕೆಯೂ ಒಂದೇ ಅಲ್ಲ. ಅಮಾನತು ತಪ್ಪೋ ಸರಿಯೋ, ಮೇಲಿನವರ ಒಂದು ಆದೇಶಕ್ಕೆ ಕಮಿಷನರ್ ಕುರ್ಚಿಯೇ ಹಾರುತ್ತದೆ ಅಂದರೆ, ಎಂಎಲ್‌ಎ ಫೋನು ಬಂದಾಗ ಠಾಣೆಯಲ್ಲಿ ಕಾಗದ ಬರೆಯುವ ರೈಟರ್ ಏನು ಮಾಡಿಯಾನು? ಇಲಾಖೆ ಹೆದರಿಕೊಂಡಿರುವಷ್ಟು ದಿನ ಎಫ್‌ಐಆರ್ ಹಾಕುವ ಕೈಯೂ ನಡುಗುತ್ತಲೇ ಇರುತ್ತದೆ.

ಸಮನ್ಸ್ ಆ ವರ್ಷದ ಕೊನೆಗೆ ಬಂತು. ತಂದುಕೊಟ್ಟ ಕಾನ್ಸ್‌ಟೇಬಲ್ ತಲೆಯ ಮೇಲೆ ಹೊಸ ನೀಲಿ ಪೀಕ್ ಕ್ಯಾಪ್. ಅಕ್ಟೋಬರ್‌ನಲ್ಲಿ ಸರ್ಕಾರ ಹಳೆಯ ಅಗಲ ಟೋಪಿಗೆ ವಿದಾಯ ಹೇಳಿತ್ತು. ಚೆನ್ನಾಗಿದೆ ಅಂದೆ. ಹಗುರ ಇದೆ ಸಾರ್ ಅಂದ. ಇದೂ ಒಂದು ಸುಧಾರಣೆಯೇ, ತೆಗೆದುಹಾಕಬೇಕಿಲ್ಲ.

ನೃಪತುಂಗ ರಸ್ತೆಯ ಕೋರ್ಟಿಗೆ ಮೊದಲ ಸಲ ಹೋದಾಗ ತನಿಖಾಧಿಕಾರಿ ಬಂದೋಬಸ್ತ್‌ನಲ್ಲಿದ್ದಾರೆ ಅಂತ ಕೇಸು ಮುಂದಕ್ಕೆ ಹೋಯಿತು. ಎರಡನೇ ಸಲ ನನ್ನನ್ನು ಕಟಕಟೆಗೆ ಕರೆದರು. ಎಳನೀರಿನವನು ಆಗಲೇ ಸಾಕ್ಷಿ ಹೇಳಿ ಮುಗಿಸಿದ್ದ. ತನಗೇನೂ ನೆನಪಿಲ್ಲ, ಪೊಲೀಸರು ಹೇಳಿದ ಕಡೆ ಸಹಿ ಹಾಕಿದ್ದೆ ಅಂದನಂತೆ. ಪ್ರತಿಕೂಲ ಸಾಕ್ಷಿ ಅಂತ ಬರೆದುಕೊಂಡಿದ್ದರು.

ಹುಡುಗನ ವಕೀಲರು ಚುರುಕಾಗಿದ್ದರು. "ನಿಮ್ಮ ಅಂಗಡಿ ಠಾಣೆ ಪಕ್ಕದಲ್ಲೇ ಇದೆ, ಪೊಲೀಸರು ನಿಮಗೆ ಗಿರಾಕಿಗಳು ಎಂದರೆ ಸರಿಯೇ?"

"ಸರಿ."

"ಪೊಲೀಸರು ಮೊದಲೇ ಬರೆದು ತಂದ ಪಂಚನಾಮೆಗೆ ಓದದೆ ಸಹಿ ಹಾಕಿದ್ದೀರಿ ಎಂದರೆ ಸರಿಯೇ?"

"ಸರಿಯಲ್ಲ. ಐದು ಫೋನಿನ ನಂಬರನ್ನೂ ನಾನೇ ಓದಿ ಹೇಳಿದ್ದು. ಹಾಳೆಯ ಮೇಲೆ ಸಿಮೆಂಟ್ ಕಲೆ ಇರಬೇಕು, ನೋಡಿ."

ನ್ಯಾಯಾಧೀಶರು ಹಾಳೆ ತಿರುಗಿಸಿ ನೋಡಿದರು. ವಕೀಲರು ಬೇರೆ ಪ್ರಶ್ನೆಗೆ ಹೋದರು.

ಹೊರಗೆ ಹೆಡ್ ಕಾನ್ಸ್‌ಟೇಬಲ್ ಕಾಯುತ್ತಿದ್ದರು. ಅಷ್ಟರಲ್ಲಿ ಅವರಿಗೆ ಬೇರೆ ಠಾಣೆಗೆ ವರ್ಗವಾಗಿತ್ತು. "ಆ ಹರಿದ ಕಾಪಿ ಬಗ್ಗೆ ಕೇಳಿದ್ರೆ ಏನು ಹೇಳ್ತಿದ್ರಿ?" ಅಂದರು.

"ಬೆಳಗ್ಗೆ ನಾನೇ ಪ್ರಿಂಟ್ ತೆಗೆದುಕೊಟ್ಟೆ ಅಂತಿದ್ದೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಹಾಗೇ ಹೇಳ್ತೀರಿ ಅಂತ ನನಗೂ ಗೊತ್ತಿತ್ತು ಬಿಡಿ" ಅಂದರು. ಆಮೇಲೆ, ಠಾಣೆ ಬಿಟ್ಟು ಬಂದಾಗ ತಮ್ಮ ಹೆಸರಿನಲ್ಲಿ ಬಾಕಿ ಎಷ್ಟಿತ್ತು ಅಂತ ಕೇಳಿದರು. ಹೇಳಿದೆ. ಅಲ್ಲೇ ಫೋನ್‌ಪೇ ಮಾಡಿದರು.